ಹಿಮ ಕರಗುವ ಕಾಲದ ಕೇದಾರ ಯಾತ್ರೆ

ಕೋರ ಹೋಬಳಿಯ ನಮ್ಮ ಜನರಿಗೆ ನೀರಿನ ಭಯವೆಂದರೆ ಕೆರೆ ಒಡೆಯುವ ಭಯ. ಏರಿಯಲ್ಲಿ ಬಿರುಕು ಕಂಡೊಡನೆ ಮಣ್ಣು ಹೊತ್ತು ಧಾವಿಸುವುದು ಹಿರಿಯರು ಕಲಿಸಿದ ಪಾಠ. 2022ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಅನೇಕ ಕೆರೆಗಳು ಕೋಡಿ ಹರಿದಾಗ ಆ ಪಾಠ ಮತ್ತೆ ನೆನಪಾಯಿತು. ಹಿಮ ಕರಗಿ ಬರುವ ಪ್ರವಾಹ ನಮ್ಮ ಸೀಮೆಯದಲ್ಲ. ಆದರೂ ಅದು ನಮಗೆ ಸಂಬಂಧಿಸದ ಸಂಗತಿಯೆಂದು ಹೇಳಲಾಗದು. ಪಂಚಪೀಠಗಳಲ್ಲೊಂದಾದ ಕೇದಾರಪೀಠವಿರುವುದು ಹಿಮಾಲಯದಲ್ಲಿ. ಕೇದಾರನಾಥನ ರಾವಲರೂ ಅರ್ಚಕರೂ ಕನ್ನಡ ನಾಡಿನಿಂದ ಹೋದ ವೀರಶೈವರು. ಬೇಸಿಗೆಯ ರಜೆ ಬಂದೊಡನೆ ನಮ್ಮ ಎಷ್ಟೋ ಮನೆಗಳಲ್ಲಿ ಕೇದಾರದ ಮಾತು ಮೂಡುತ್ತದೆ. ಹಿಮ ಕರಗುವ ಕಾಲವೂ ಅದೇ.

2013ರ ಜೂನ್ ತಿಂಗಳನ್ನು ಭಕ್ತರು ಮರೆಯಲಾರರು. ಆ ವರ್ಷ ಮುಂಗಾರು ವಾಡಿಕೆಗಿಂತ ಬಹಳ ಮೊದಲೇ ಹಿಮಾಲಯವನ್ನು ತಲುಪಿತು. ಕರಗುತ್ತಿದ್ದ ಹಿಮದ ಮೇಲೆ ಬಿರುಮಳೆ ಸುರಿಯಿತು. ದೇವಾಲಯದ ಮೇಲ್ಭಾಗದಲ್ಲಿದ್ದ ಚೋರಾಬಾರಿ ಸರೋವರಕ್ಕೆ ಹಿಮನದಿ ತಂದೊಟ್ಟಿದ ಕಲ್ಲುಮಣ್ಣಿನ ದಿಬ್ಬವೇ ಏರಿ. ಹೆಚ್ಚಾದ ನೀರು ಹರಿದುಹೋಗಲು ನಮ್ಮ ಕೆರೆಗಳಂತೆ ಕೋಡಿಯಿರಲಿಲ್ಲ. ಜೂನ್ 17ರ ಬೆಳಿಗ್ಗೆ ಆ ದಿಬ್ಬ ಒಡೆಯಿತು. ಹಿಂಬದಿಗೆ ಬಂದು ನಿಂತ ಹೆಬ್ಬಂಡೆಯೊಂದು ಪ್ರವಾಹವನ್ನು ಇಬ್ಭಾಗಿಸಿ ದೇವಾಲಯ ಉಳಿಯಿತು. ಸುತ್ತಲ ಪೇಟೆ ನೆಲಸಮವಾಯಿತು. ದಾರಿಯಲ್ಲಿನ ರಾಮಬಾಡಾ ಅಳಿದೇಹೋಯಿತು. ಉತ್ತರಾಖಂಡದಲ್ಲಿ ಸತ್ತವರು ಮತ್ತು ಕಾಣೆಯಾದವರು ನಾಲ್ಕು ಸಾವಿರಕ್ಕೂ ಮಿಕ್ಕರು.

ಸರ್ಕಾರದ ಸಿದ್ಧತೆ ಎಂತಿತ್ತು? 2007ರಲ್ಲಿ ರಚನೆಯಾದ ಆ ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರವು ಒಮ್ಮೆಯೂ ಸಭೆ ಸೇರಿರಲಿಲ್ಲವೆಂದು ಮಹಾಲೇಖಪಾಲರ ವರದಿಯು ದುರಂತಕ್ಕೆ ಎರಡು ತಿಂಗಳು ಮೊದಲೇ ಎತ್ತಿ ತೋರಿಸಿತ್ತು. ಭಾರಿ ಮಳೆಯ ಮುನ್ಸೂಚನೆಯಿದ್ದರೂ ಯಾತ್ರೆ ನಿಲ್ಲಲಿಲ್ಲ. ದಾರಿಯಲ್ಲಿ ಎಷ್ಟು ಜನರಿದ್ದಾರೆಂಬ ಲೆಕ್ಕವೇ ಇರಲಿಲ್ಲ. ಆದರೆ ಅನಂತರ ನಡೆದ ರಕ್ಷಣಾ ಕಾರ್ಯವು ಸ್ಮರಣೀಯ. ಸೇನೆ, ವಾಯುಪಡೆ ಮತ್ತು ಅರೆಸೇನಾ ಪಡೆಗಳು ಲಕ್ಷಕ್ಕೂ ಹೆಚ್ಚು ಜನರನ್ನು ಪಾರುಮಾಡಿದವು. ಜೂನ್ 25ರಂದು ಹೆಲಿಕಾಪ್ಟರೊಂದು ಪತನವಾಗಿ 20 ಮಂದಿ ಪ್ರಾಣ ತೆತ್ತರು. ಪರರ ಜೀವಕ್ಕಾಗಿ ತಮ್ಮ ಜೀವವನ್ನೇ ಸವೆಸಿದ ಅವರದು ನಿಜವಾದ ದಾಸೋಹ.

ಆ ಬಳಿಕ ಯಾತ್ರಿಕರ ನೋಂದಣಿ ಜಾರಿಗೆ ಬಂದಿತು, ರಾಜ್ಯದ್ದೇ ವಿಪತ್ತು ಸ್ಪಂದನಾ ಪಡೆ ರಚನೆಯಾಯಿತು, ನದಿಯ ಇನ್ನೊಂದು ದಂಡೆಯಲ್ಲಿ ಹೊಸ ಕಾಲುದಾರಿ ಸಿದ್ಧವಾಯಿತು, ಬೆಟ್ಟಗಳ ಮೇಲೆ ಹವಾಮಾನದ ರಾಡಾರ್‌ಗಳು ಬಂದವು. 2024ರ ಜುಲೈ 31ರ ರಾತ್ರಿ ಬಿರುಮಳೆಗೆ ಅದೇ ದಾರಿ ಕುಸಿದಾಗ, ಸಿಲುಕಿದ್ದ ಸಾವಿರಾರು ಯಾತ್ರಿಕರನ್ನು ಪಾರುಮಾಡಲು ಸಾಧ್ಯವಾಯಿತು. ಸಿದ್ಧತೆಯ ಫಲವೆಂದರೆ ಇದು.

ಆದರೆ ಸರ್ಕಾರದ ಸಿದ್ಧತೆ ಭಕ್ತನ ವಿವೇಕಕ್ಕೆ ಬದಲಿಯಾಗಲಾರದು. ಯಾತ್ರೆಗೆ ಹೊರಡುವ ಬಂಧುಗಳು ತಪ್ಪದೆ ನೋಂದಣಿ ಮಾಡಿಸಬೇಕು. ಪ್ರಯಾಣದ ವಿವರವನ್ನು ಮನೆಯಲ್ಲಿ ಬರೆದಿಟ್ಟು ಹೋಗಬೇಕು. ಹಿಂದಿರುಗುವ ರೈಲಿನ ದಿನಕ್ಕೆ ಮುಂದೆ ಎರಡು ದಿನಗಳ ಬಿಡುವಿರಲಿ. ಅವಸರವೇ ಅನೇಕರನ್ನು ಮಳೆಯಲ್ಲೂ ಮುಂದೆ ನಡೆಸುತ್ತದೆ. ಅಧಿಕಾರಿಗಳು ತಡೆದಲ್ಲಿ ನಿಲ್ಲಬೇಕು. ದರ್ಶನ ತಪ್ಪಿದರೆ ಹರಕೆ ತಪ್ಪಿತೆಂದು ಹಿರಿಯರು ಮರುಗಬಾರದು. ಅಂಗೈಯಲ್ಲಿ ಇಷ್ಟಲಿಂಗವಿರುವ ನಮಗೆ ಶಿವನು ಬೆಟ್ಟದ ಮೇಲೆ ಮಾತ್ರ ಇರುವನೇ? ತಡೆದಲ್ಲೇ ಕುಳಿತು ಪೂಜೆ ಸಲ್ಲಿಸಿ ಮನೆಗೆ ಮರಳಿದರೆ ಅದೂ ಸಫಲವಾದ ಯಾತ್ರೆಯೇ ಎಂದು ನಾವು ನಂಬುತ್ತೇವೆ.