ಹಳೆಯ ಕಾರಿನ ಕೀರಲು ದನಿ

ಚಕ್ಕಡಿಯ ಕೀಲು ಕಿರುಗುಟ್ಟಿದರೆ ಎಣ್ಣೆ ಹಾಕಬೇಕೆಂಬುದು ರಾಣೆಬೆನ್ನೂರು ಸೀಮೆಯಲ್ಲಿ ಯಾರೂ ಯಾರಿಗೂ ಕಲಿಸಬೇಕಾದ ವಿದ್ಯೆಯಲ್ಲ. ಗಾಲಿ ಅಚ್ಚಿನ ಮೇಲೆ ಒಣಗಿ ತಿರುಗುತ್ತದೆ, ದೂರು ಹೇಳುತ್ತದೆ. ಒಡೆಯನು ಕೀಲೆಣ್ಣೆ ಸವರುತ್ತಾನೆ, ದೂರು ನಿಲ್ಲುತ್ತದೆ. ಮೇಡ್ಲೇರಿಯಂಥ ಊರಿನಲ್ಲಿ ಗಾಡಿಗಳ ನಡುವೆ ಬೆಳೆದ ಹಿರಿಯರೊಬ್ಬರು ತಮ್ಮ ಮನೆಯ ಹಳೆಯ ಅಂಬಾಸಡರು ಕಾರು ಒಂದು ಮುಂಜಾವು ಕೀರಿದೊಡನೆ ಎಣ್ಣೆಯ ಡಬ್ಬಿಗೆ ಕೈ ಹಾಕಿದರೆ ಅಚ್ಚರಿಯಿಲ್ಲ. ಆದರೆ ಬಂಡಿಯ ನ್ಯಾಯ ಮೋಟಾರಿಗೆ ಸಲ್ಲದು. ಕಾರಿನಲ್ಲಿ ಅತಿ ಹೆಚ್ಚಾಗಿ ಕೀರುವ ಎರಡು ಅಂಗಗಳಿಗೆ ಎಣ್ಣೆಯೇ ವಿಷ.

ಅಂಬಾಸಡರಿನ ತಯಾರಿಕೆ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿ ನಿಂತಿತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ ಈ ವಾಹನವನ್ನು ಇಂದಿಗೂ ಅಕ್ಕರೆಯಿಂದ ಇಟ್ಟುಕೊಂಡ ಮನೆಗಳುಂಟು. ಅದರ ಯಂತ್ರ ಸರಳ. ಮುಚ್ಚಳ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಆದುದರಿಂದ ಸದ್ದಿನ ಮೂಲವನ್ನು ಮನೆಯವರೇ ಬಹುಮಟ್ಟಿಗೆ ಗುರುತಿಸಬಹುದು.

ಪಿಟೀಲಿನ ಕಮಾನು ತಂತಿಯನ್ನು ಒಂದು ಕ್ಷಣ ಹಿಡಿಯುತ್ತದೆ, ಮರುಕ್ಷಣ ಜಾರಿಬಿಡುತ್ತದೆ. ಈ ಹಿಡಿ-ಬಿಡು ಸೆಕೆಂಡಿಗೆ ನೂರಾರು ಸಲ ನಡೆದಾಗ ನಾದ ಹುಟ್ಟುತ್ತದೆ. ಕಾರಿನ ಕೀರಲು ದನಿಯ ಗುಟ್ಟೂ ಇದೇ. ಕೇಳುವುದಕ್ಕೆ ಹಿತವಲ್ಲ, ಅಷ್ಟೇ ಭೇದ. ಹಾಗಿದ್ದರೆ ಕೇಳಬೇಕಾದ ಪ್ರಶ್ನೆ ಇದು: ಅಲ್ಲಿ ಜಾರುತ್ತಿರುವ ವಸ್ತು ಜಾರಬೇಕಾದದ್ದೋ, ಹಿಡಿಯಬೇಕಾದದ್ದೋ? ಅಚ್ಚು ಜಾರಬೇಕು, ಅದಕ್ಕೆ ಎಣ್ಣೆ ಬೇಕು. ಬೆಲ್ಟು ಮತ್ತು ಬ್ರೇಕು ಹಿಡಿಯಬೇಕು.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಕೈಬ್ರೇಕು ಎಳೆದು, ಗೇರು ತಪ್ಪಿಸಿ ಎಂಜಿನ್ನನ್ನು ಮಾತ್ರ ನಡೆಸಬೇಕು. ನಿಂತಲ್ಲಿಯೇ ಸದ್ದು ಬಂದರೆ ದೋಷ ಎಂಜಿನ್ನಿನ ಕಡೆಗಿದೆ. ಗಾಲಿ ಉರುಳಿದಾಗ ಮಾತ್ರ ಬಂದರೆ ಗಾಲಿಯ ಕಡೆ ನೋಡಬೇಕು.

ತಂಪು ಹೊತ್ತಿನಲ್ಲಿ ಚಾಲೂ ಮಾಡಿದೊಡನೆ ಕೀರಿ, ನಾಲ್ಕಾರು ನಿಮಿಷದಲ್ಲಿ ತಾನೇ ಅಡಗುವ ದನಿ ಬಹುತೇಕ ಫ್ಯಾನ್ ಬೆಲ್ಟಿನದು. ಎಂಜಿನ್ನಿನ ಮುಂಭಾಗದ ಈ ಒಂದೇ ರಬ್ಬರು ಪಟ್ಟಿ ನೀರಿನ ಪಂಪು, ಫ್ಯಾನು, ಡೈನಮೋ ಮೂರನ್ನೂ ತಿರುಗಿಸುತ್ತದೆ. ಚಾಲೂ ಮಾಡುವಾಗ ಬ್ಯಾಟರಿ ದಣಿದಿರುತ್ತದೆ. ಅದನ್ನು ತುಂಬಲು ಡೈನಮೋ ಬಲವಾಗಿ ದುಡಿಯುತ್ತದೆ. ಸಡಿಲವಾದ ಬೆಲ್ಟು ಆ ಹೊರೆ ತಾಳದೆ ಜಾರುತ್ತದೆ. ದೊಡ್ಡ ದೀಪಗಳನ್ನು ಹಚ್ಚಿದಾಗ ದನಿ ಏರಿದರೆ ಅನುಮಾನ ಇನ್ನೂ ಗಟ್ಟಿ. ಅಡಗಿತೆಂದು ನೆಮ್ಮದಿಪಡುವ ಹಾಗಿಲ್ಲ. ಜಾರುವ ಬೆಲ್ಟು ಕಾದು ಸೀಳುತ್ತದೆ; ವೈಶಾಖದ ನಡುಹಗಲು, ಮಕ್ಕಳುಮರಿ ತುಂಬಿದ ಕಾರು ಹೆದ್ದಾರಿಯಲ್ಲಿರುವಾಗ ಅದು ಹರಿದರೆ ನೀರು ಕುದಿದು ಎಂಜಿನ್ನೇ ಹಾಳಾಗಬಹುದು.

ಪರೀಕ್ಷೆಗೆ ಎಂಜಿನ್ನನ್ನು ನಿಲ್ಲಿಸಿಯೇ ಕೈ ಹಾಕಬೇಕು. ಹೆಗಲ ಮೇಲಿನ ವಲ್ಲಿಗಾಗಲಿ ಸೆರಗಿಗಾಗಲಿ ತಿರುಗುವ ಫ್ಯಾನು ಮರ್ಯಾದೆ ತೋರುವುದಿಲ್ಲ. ಎರಡು ರಾಟೆಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಾಗಬೇಕು. ಹೆಚ್ಚು ಬಾಗಿದರೆ ಸಡಿಲ. ಡೈನಮೋವಿನ ಬೋಲ್ಟು ಸಡಿಲಿಸಿ, ಹೊರಗೆಳೆದು ಬಿಗಿದರೆ ಸಾಕು. ಅತಿಯಾಗಿ ಬಿಗಿದರೆ ಪಂಪಿನ ಬೇರಿಂಗು ಸವೆಯುತ್ತದೆ. ಬೆಲ್ಟಿನ ಅಂಚು ಗಾಜಿನಂತೆ ಹೊಳೆಯುತ್ತಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಹೊಸದನ್ನೇ ಹಾಕಿಸಬೇಕು. ಎಣ್ಣೆ ಹಚ್ಚಿದರೆ ದನಿ ನಿಲ್ಲಬಹುದು, ನಿಜ. ಬೆಲ್ಟು ಮಾತ್ರ ಮೊದಲಿಗಿಂತ ಹೆಚ್ಚು ಜಾರುತ್ತದೆ.

ಬ್ರೇಕಿನ ಮಾತು ಇದಕ್ಕಿಂತ ಗಂಭೀರ. ಮಳೆಗಾಲದ ಬೆಳಗ್ಗೆ ಮೊದಲ ಒಂದೆರಡು ಸಲ ಒತ್ತಿದಾಗ ಕೀರಿ ಸುಮ್ಮನಾದರೆ ಅದು ತೇವದ, ತೆಳು ತುಕ್ಕಿನ ಸದ್ದು, ಭಯವಿಲ್ಲ. ಪ್ರತಿ ಸಲ ಕೀರಿದರೆ ಡ್ರಮ್ಮು ಬಿಚ್ಚಿಸಬೇಕು. ಒಳಗೆ ಧೂಳು ಸೇರಿರಬಹುದು. ಕಚ್ಚಾ ರಸ್ತೆಯ ಊರುಗಳಲ್ಲಿ ಇದು ಸಾಮಾನ್ಯ. ಲೈನಿಂಗು ಸುಟ್ಟು ನುಣುಪಾಗಿರಬಹುದು. ಅಥವಾ ಲೈನಿಂಗು ಸವೆದು, ಅದನ್ನು ಹಿಡಿದ ರಿವೆಟ್ಟುಗಳ ತಲೆ ಡ್ರಮ್ಮನ್ನು ಗೀರುತ್ತಿರಬಹುದು. ಕೀರಲು ದನಿ ಕರಕರ ಎಂಬ ಒರಟು ಸದ್ದಿಗೆ ತಿರುಗಿದರೆ ಆ ಕಾರನ್ನು ಅಂದೇ ನಿಲ್ಲಿಸುವುದು ಲೇಸು. ಬ್ರೇಕು ಒತ್ತಿದಾಗ ಕಾರು ಒಂದು ಮಗ್ಗುಲಿಗೆ ಎಳೆದರೆ ಆ ಬದಿಯ ಅಥವಾ ಎದುರು ಬದಿಯ ಲೈನಿಂಗಿಗೆ ಎಣ್ಣೆಯೋ ಬ್ರೇಕಿನ ದ್ರವವೋ ಸೋರಿರುವ ಸಂಭವವುಂಟು. ನೆನೆದ ಲೈನಿಂಗನ್ನು ಒರೆಸಿ ಮತ್ತೆ ಹಾಕುವುದು ಜಾಣತನವಲ್ಲ. ಸೋರಿಕೆ ನಿಲ್ಲಿಸಿ, ಎಡಬಲ ಎರಡೂ ಗಾಲಿಗಳಿಗೆ ಹೊಸದನ್ನು ಹಾಕಿಸಬೇಕು. ತನಗೆ ತಾನೇ ಸೋರಿದ ಎಣ್ಣೆಯೇ ಇಷ್ಟು ಕೆಡುಕು ಮಾಡುವಾಗ, ಸದ್ದಡಗಿಸಲು ಡ್ರಮ್ಮಿನ ಸಂದಿಗೆ ಎಣ್ಣೆ ಬಿಡುವವರಿಗೆ ಏನೆನ್ನಬೇಕು? ಇನ್ನೊಂದು ಎಚ್ಚರಿಕೆ: ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದದೆ, ಒದ್ದೆ ಬಟ್ಟೆಯಿಂದ ಒರೆಸಬೇಕು, ಮಕ್ಕಳನ್ನು ದೂರವಿಡಬೇಕು.

ಎಣ್ಣೆ ಬೇಡುವ ಸ್ಥಳಗಳೂ ಇಲ್ಲದಿಲ್ಲ. ಬಾಗಿಲ ತಿರುಗಣೆ, ಡೈನಮೋವಿನ ಹಿಂದಿನ ಸಣ್ಣ ರಂಧ್ರ, ಗ್ರೀಸ್ ತುಂಬುವ ಮೊಲೆಗಳು ಇವಕ್ಕೆ ಹಕ್ಕಿನ ಪಾಲು ಸಲ್ಲಬೇಕು. ಗುಂಡಿಯಲ್ಲಿ ಇಳಿದೇಳುವಾಗ ಕೀರುವ ರಬ್ಬರು ಬುಷ್ಷಿಗೆ ಮಾತ್ರ ಎಂಜಿನ್ ಎಣ್ಣೆ ಬೇಡ, ರಬ್ಬರು ಕೆಡುತ್ತದೆ. ಸಾಬೂನು ನೀರು ಸವರಿದಾಗ ಸದ್ದು ನಿಂತರೆ ಕಳ್ಳ ಸಿಕ್ಕಂತೆ. ಕ್ಲಚ್ಚು ತುಳಿದಾಗ ಮಾತ್ರ ಬರುವ ದನಿ ಅದರ ಬೇರಿಂಗಿನದು, ಅದು ಮೆಕ್ಯಾನಿಕ್ಕಿನ ಕೆಲಸ. ಇನ್ನು ವೇಗ ತೋರಿಸುವ ಮುಳ್ಳು ನಡುಗುತ್ತ, ಹಲಗೆಯ ಹಿಂದಿನಿಂದ ಇಲಿಮರಿಯ ಕೂಗು ಕೇಳಿದರೆ ಯಾರೂ ಗಾಲಿ ಬಿಚ್ಚಿಸಬೇಕಾಗಿಲ್ಲ: ಸ್ಪೀಡಾಮೀಟರಿನ ತಂತಿ ಒಣಗಿದೆ, ಸ್ವಲ್ಪ ಗ್ರೀಸು ಸಾಕು.

ರಾಣೆಬೆನ್ನೂರಿನ ಗ್ಯಾರೇಜಿಗೆ ಒಯ್ದಾಗ "ಮುಂದೆಲ್ಲೋ ಕೀರುತ್ತದೆ" ಎಂದರೆ ಮೆಕ್ಯಾನಿಕ್ಕಿಗೆ ಏನೂ ತಿಳಿಯದು. ತಂಪಿನಲ್ಲೋ ಕಾದ ಮೇಲೋ, ನಿಂತಾಗಲೋ ಓಡುವಾಗಲೋ, ಯಾವ ಪೆಡಲು ತುಳಿದಾಗ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡುವುದು ಒಳ್ಳೆಯದು. ಹೊಸ ಲೈನಿಂಗು ಹಾಕಿಸಿದ ದಿನ ಖಾಲಿ ರಸ್ತೆಯಲ್ಲಿ ಮೆಲ್ಲನೆ ಹತ್ತಾರು ಸಲ ಬ್ರೇಕು ಒತ್ತಿ ನೋಡಿ, ಕಾರು ನೇರವಾಗಿ ನಿಲ್ಲುವುದೆಂದು ಖಚಿತವಾದ ಮೇಲೆಯೇ ಮನೆಯವರನ್ನು ಕೂರಿಸಿಕೊಳ್ಳಬೇಕು.