ಕಸದಲ್ಲಿ ಸಿಕ್ಕ ಸುಳಿವು

ಮೂತ್ರದಲ್ಲಿ ರಕ್ತ ಕಾಣಿಸಿಕೊಂಡಾಗ ನಮ್ಮ ದೊಡ್ಡಮ್ಮ ಯಾರಿಗೂ ಹೇಳಲಿಲ್ಲ. "ಅದನ್ನೆಲ್ಲ ಗಂಡಸು ಡಾಕ್ಟರ ಮುಂದೆ ಹೇಳೋದೇ?" ಅಂತ ಎಂಟು ತಿಂಗಳು ಬಚ್ಚಿಟ್ಟರು. ಕೊನೆಗೆ ಅದು ಮೂತ್ರಕೋಶದ ಕ್ಯಾನ್ಸರ್ ಎಂದು ತಿಳಿಯಿತು. ಅವರು ಹೋಗಿ ಮೂರು ವರ್ಷವಾಯಿತು. ಮೊನ್ನೆ ಬೆಂಗಳೂರಿನಲ್ಲಿ ಓದುತ್ತಿರುವ ಅಕ್ಕನ ಮಗ ರಜೆಗೆ ಬಂದವನು ಒಂದು ಸಂಗತಿ ಹೇಳಿದ. ಕೇಳುತ್ತಾ ನನಗೆ ಅವರದೇ ನೆನಪು.

ನಮ್ಮ ಮೈಯ ಜೀವಕೋಶಗಳು ಸದಾ ಪುಟ್ಟ ಪುಟ್ಟ ಪೊಟ್ಟಣಗಳನ್ನು ಹೊರಕ್ಕೆ ಬಿಡುತ್ತಿರುತ್ತವಂತೆ. ರಕ್ತ, ಮೂತ್ರ, ಎದೆಹಾಲು ಎಲ್ಲದರಲ್ಲೂ ಅವು ಇವೆ. ಗಾತ್ರವೋ, ತಲೆಗೂದಲಿನ ದಪ್ಪದಲ್ಲಿ ಸುಮಾರು ಸಾವಿರದಲ್ಲೊಂದು ಪಾಲು! 1967ರಲ್ಲಿ ಪೀಟರ್ ವುಲ್ಫ್ ಎಂಬುವರು ಇಂಥವನ್ನು ರಕ್ತದಲ್ಲಿ ಕಂಡು ‘ಧೂಳು’ ಎಂದರು. ಕೆನಡಾದಲ್ಲಿ ಕುರಿಯ ರಕ್ತಕಣಗಳನ್ನು ಅಭ್ಯಾಸ ಮಾಡುತ್ತಿದ್ದ ರೋಸ್ ಜಾನ್‌ಸ್ಟೋನ್ ಎಂಬ ಮಹಿಳೆ 1987ರಲ್ಲಿ ಇವುಗಳಲ್ಲೊಂದು ಬಗೆಗೆ ‘ಎಕ್ಸೋಸೋಮ್’ ಎಂದು ಹೆಸರಿಟ್ಟರು. ಬಹುಕಾಲ ಇದೆಲ್ಲ ಜೀವಕೋಶದ ಕಸವೆಂದೇ ಎಣಿಕೆ. ಆದರೆ ಕಸದ ಮಹಿಮೆ ನಮಗೆ ಗೊತ್ತಿಲ್ಲವೇ? ಎದುರುಮನೆಯ ಕಸದ ಬುಟ್ಟಿ ಕಂಡರೆ ಅಂದಿನ ಹುಳಿ ಯಾವುದೆಂದು ಹೇಳಿಬಿಡುತ್ತೇವೆ! ಹಾಗೆಯೇ ಕ್ಯಾನ್ಸರ್ ಹಿಡಿದ ಜೀವಕೋಶದ ಪೊಟ್ಟಣದಲ್ಲಿ ಅದರ ಗುರುತು ಇರುತ್ತದೆ.

ಕಷ್ಟವಿರುವುದು ಹಿಡಿಯುವುದರಲ್ಲಿ. ಭೂಮಿಯ ಸೆಳೆತದ ಲಕ್ಷ ಪಟ್ಟು ಬಲ ಬರುವಂತೆ ದೊಡ್ಡ ಯಂತ್ರದಲ್ಲಿ ಗಂಟೆಗಟ್ಟಲೆ ಗಿರಗಿರ ತಿರುಗಿಸಬೇಕು. ಆದರೂ ಎಷ್ಟೋ ಕೈತಪ್ಪುತ್ತವೆ. ಇದಕ್ಕೇ ಈಗ ಅಂಗೈಯಲ್ಲಿ ಹಿಡಿಯುವಂಥ ಚಿಪ್‌ಗಳು ಬಂದಿವೆ. ಒಳಗೆ ಕೂದಲೆಳೆಯಂಥ ಕಾಲುವೆಗಳು, ಅದರಲ್ಲಿ ಹನಿಹನಿಯಾಗಿ ಹರಿಯುವ ರಕ್ತವೋ ಮೂತ್ರವೋ.

ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಕಾವೊ ಯಾಸುಯಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಹಿಡಿಸಿತು. ಇಂಥ ಕಾಲುವೆಯೊಳಗೆ ಅವರು ಸತುವಿನ ಆಕ್ಸೈಡಿನ ಅತಿಸಣ್ಣ ತಂತಿಗಳನ್ನು ಹುಲ್ಲಿನಂತೆ ಬೆಳೆಸಿದರು. (ಬೆವರುಸಾಲೆಗೆ ಹಚ್ಚುವ ಕ್ಯಾಲಮೈನ್ ಲೋಷನ್ನಿನಲ್ಲಿ ಇರುವುದೂ ಇದೇ!) ಹರಿಸಿದ್ದು ಬರೀ 1 ಮಿಲಿಲೀಟರ್ ಮೂತ್ರ. ತಂತಿಗೆ ಧನ ವಿದ್ಯುತ್ತು, ಪೊಟ್ಟಣಕ್ಕೆ ಋಣ ವಿದ್ಯುತ್ತು, ಬಂದು ಅಂಟಿಕೊಂಡವು. ಅವನ್ನು ಒಡೆದಾಗ ಮೈಕ್ರೋ ಆರ್‌ಎನ್‌ಎ ಎಂಬ ಸಂದೇಶದ ತುಣುಕುಗಳು ಸುಮಾರು 1000 ಬಗೆಯವು ಸಿಕ್ಕವು, ತಿರುಗಿಸುವ ಯಂತ್ರದಲ್ಲಿ ಸಿಗುವುದಕ್ಕಿಂತ ಎಷ್ಟೋ ಹೆಚ್ಚು. ಮೂತ್ರಕೋಶ, ಶ್ವಾಸಕೋಶ, ಯಕೃತ್ತು ಮುಂತಾದ ಕ್ಯಾನ್ಸರ್ ಇದ್ದವರಿಗೂ ಇಲ್ಲದವರಿಗೂ ಇವುಗಳಲ್ಲಿ ವ್ಯತ್ಯಾಸ ಕಂಡಿತು.

"ನಮ್ಮೂರ ಲ್ಯಾಬಿಗೆ ಬಂದಿದೆಯೇನೋ?" ಎಂದೆ. "ಎಲ್ಲಿ ಬಂತು ಚಿಕ್ಕಮ್ಮ, ಇನ್ನೂ ಎಷ್ಟೋ ಜನರ ಮೇಲೆ ಪರೀಕ್ಷೆಯಾಗಬೇಕು" ಎಂದ. ಸದ್ಯಕ್ಕೆ ಇರುವುದು ಮಾಮೂಲು ಮೂತ್ರಪರೀಕ್ಷೆ, ಸ್ಕ್ಯಾನ್, ಬೇಕಾದರೆ ಸಣ್ಣ ಕೊಳವೆ ಹಾಕಿ ಒಳಗೆ ನೋಡುವುದು. ನೋವಿಲ್ಲದೆ ಒಂದೇ ಸಲ ರಕ್ತ ಕಂಡರೂ, ಮುಟ್ಟು ನಿಂತವರಿಗಂತೂ, ಉಷ್ಣವೆಂದು ಬಾರ್ಲಿ ನೀರು ಕುಡಿದು ಕೂರಬೇಡಿ. ಗಂಡಸು ಡಾಕ್ಟರೆಂದು ಸಂಕೋಚವಾದರೆ ಲೇಡಿ ಡಾಕ್ಟರ ಹತ್ತಿರವೇ ಹೋಗಿ, ಆ ವಾರದಲ್ಲೇ ಹೋಗಿ.