ಗಿನಿಕೋಳಿ ಮರಿ ಹೊರಗೆ ಬಿಡ್ತೀರಾ? ಅವಸರ ಮಾಡಿದ್ರೆ ಸಂಜೆ ಗೂಡು ಖಾಲಿ!

ಮೂಡಿಗೆರೆ: ತೋಟಕ್ಕೆ ಹಾವು ಬಂದ್ರೆ ಕೂಗಿ ಎಬ್ಬಿಸುತ್ತೆ, ಅಪರಿಚಿತರು ಗೇಟು ದಾಟಿದ್ರೂ ಗಲಾಟೆ ಮಾಡುತ್ತೆ, ಹುಳು-ಉಣುಗು ಹೆಕ್ಕಿ ತಿನ್ನುತ್ತೆ. ಈ ಕಾರಣಕ್ಕೇ ಗಿನಿಕೋಳಿ ಸಾಕಲು ಹೊರಡುವವರು ಹಲವರು. ಆದರೆ ಮರಿ ತಂದು ಎರಡು ತಿಂಗಳು ಜತನದಿಂದ ಸಾಕಿ, ಮೊದಲ ದಿನ ಬಾಗಿಲು ತೆಗೆದ ಕೂಡಲೇ ಅರ್ಧಕ್ಕರ್ಧ ಕಳೆದುಕೊಳ್ಳುವುದೂ ಉಂಟು. ತಪ್ಪು ಆಗೋದು ಸಾಕುವುದರಲ್ಲಲ್ಲ, ಹೊರಗೆ ಬಿಡುವುದರಲ್ಲಿ.

ನಾಟಿ ಕೋಳಿ ಇದ್ದ ಹಾಗೆ ಇದಲ್ಲ

ಗಿನಿಕೋಳಿ ಮೂಲತಃ ಆಫ್ರಿಕಾದ ಹಕ್ಕಿ. ನಮ್ಮಲ್ಲಿ ಬರೇಲಿ ಬಳಿಯ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಕಾದಂಬರಿ, ಚಿತಂಬರಿ, ಶ್ವೇತಾಂಬರಿ ಎಂಬ ತಳಿಗಳನ್ನು ಕೊಟ್ಟಿದೆ. ಸಾಕುಹಕ್ಕಿ ಆದರೂ ಕಾಡಿನ ಬುದ್ಧಿ ಪೂರ್ತಿ ಬಿಟ್ಟಿಲ್ಲ. ನಾಟಿ ಕೋಳಿ ಕತ್ತಲಾದ ಮೇಲೆ ತಾನಾಗಿ ಗೂಡಿಗೆ ಬರುತ್ತೆ. ಗಿನಿಕೋಳಿಗೆ ಗೂಡೇ ಮನೆ ಅನ್ನೋದು ಮನಸ್ಸಿಗೆ ಕೂರದಿದ್ರೆ ಹಾರಿ ಸಿಲ್ವರ್ ಓಕ್ ಮರವನ್ನೋ ಹಾಲುವಾಣದ ಕೊಂಬೆಯನ್ನೋ ಏರಿ ಕೂರುತ್ತೆ. ಅಲ್ಲಿಂದ ಇಳಿಸೋದು ಯಾರ ಕೈಲೂ ಆಗಲ್ಲ. ರಾತ್ರಿ ಗೂಬೆ, ಕಾಡುಬೆಕ್ಕು, ಪುನುಗಿನ ಬೆಕ್ಕು ತಿರುಗಾಡೋ ಊರು ನಮ್ಮದು. ಬೆಳಗ್ಗೆ ಮರದ ಬುಡದಲ್ಲಿ ಪುಕ್ಕ ಮಾತ್ರ ಸಿಗುತ್ತೆ.

ಒದ್ದೆಯೇ ಮೊದಲ ಶತ್ರು

ಮೊಟ್ಟೆ ಒಡೆದು ಮರಿ ಬರಲು 26ರಿಂದ 28 ದಿನ ಬೇಕು. ಮೊದಲ ವಾರ ಬಲ್ಬಿನ ಕಾವು 35ರಿಂದ 37 ಡಿಗ್ರಿ ಇರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಈ ವಯಸ್ಸಿನ ಮರಿಗೆ ಒದ್ದೆ ತಾಗಿದರೆ ಚಳಿ ಹಿಡಿದು ಸಾಯುತ್ತೆ. ಇಬ್ಬನಿ ಬಿದ್ದ ಹುಲ್ಲು ಸಾಕು, ಮಳೆಯೇ ಬರಬೇಕಿಲ್ಲ. ನೀರಿನ ತಟ್ಟೆಯಲ್ಲೂ ಮುಳುಗಿ ಸಾಯುವುದರಿಂದ ತಟ್ಟೆಗೆ ಸಣ್ಣ ಕಲ್ಲು ಹಾಕಿಡಬೇಕು.

ಹಾಗಾಗಿ ಮೈ ತುಂಬ ಪುಕ್ಕ ಬರುವವರೆಗೆ, ಅಂದರೆ 6ರಿಂದ 8 ವಾರದವರೆಗೆ, ಹೊರಗಿನ ಮಾತೇ ಬೇಡ. ಬಯಲುಸೀಮೆಗೆ ಈ ಲೆಕ್ಕ ಸರಿ. ಮಲೆನಾಡಿನಲ್ಲಿ ಕ್ಯಾಲೆಂಡರನ್ನೂ ನೋಡಬೇಕು. ಏಪ್ರಿಲ್ ಕೊನೆಗೆ ಒಡೆದ ಮರಿಗೆ 8 ವಾರ ತುಂಬೋದು ಜೂನ್ ಕೊನೆಗೆ. ಆಗ ಕಳಸ, ಮೂಡಿಗೆರೆ ಕಡೆ ಜಡಿಮಳೆ. ಅಂಥ ಮರಿಯನ್ನು ವಯಸ್ಸಾಯ್ತು ಅಂತ ಬಿಡಬಾರದು. ಒಣ ಕೊಟ್ಟಿಗೆಯಲ್ಲೇ ಭತ್ತದ ಹೊಟ್ಟು ಹಾಸಿ, ಮಳೆ ಹೊರಪಾಗುವವರೆಗೆ ಇಟ್ಟುಕೊಳ್ಳೋದೇ ವಾಸಿ. ಹೊಟ್ಟು ಒದ್ದೆ ಆದ ಕೂಡಲೇ ಬದಲಿಸಬೇಕು.

ಮೊದಲು ಜಾಲರಿ, ಆಮೇಲೆ ತೋಟ

ಬೆಚ್ಚನೆ ಪೆಟ್ಟಿಗೆಯಿಂದ ಸೀದಾ ತೋಟಕ್ಕೆ ಬಿಡಬೇಡಿ. ರಾತ್ರಿ ಮಲಗೋ ಗೂಡಿಗೆ ಅಂಟಿಕೊಂಡಂತೆ ಜಾಲರಿ ಕಟ್ಟಿದ ಸಣ್ಣ ಅಂಗಳ ಮಾಡಿ. ಮೇಲೂ ಜಾಲರಿ ಇರಲಿ, ಗಿಡುಗ ಬರೋದು ಮೇಲಿಂದಲೇ. ಅರ್ಧ ಇಂಚಿನ ಕಣ್ಣಿನ ಜಾಲರಿ ತೆಗೆದುಕೊಳ್ಳಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗೋ ದೊಡ್ಡ ಕಣ್ಣಿನ ಕೋಳಿ ಜಾಲರಿಯಲ್ಲಿ ಹಾವು ನುಸುಳುತ್ತೆ. ಮುಂಗುಸಿ ನೆಲ ತೋಡುತ್ತೆ, ಆದ್ದರಿಂದ ಜಾಲರಿಯನ್ನು ಒಂದು ಅಡಿ ಮಣ್ಣಿನೊಳಗೆ ಹೂಳಿ ಅಥವಾ ಸುತ್ತ ಕಲ್ಲು ಹೇರಿ.

ಇಬ್ಬನಿ ಆರಿದ ಮೇಲೆ ದಿನಕ್ಕೆ ಒಂದೆರಡು ಗಂಟೆ ಅಲ್ಲಿ ಬಿಟ್ಟು, ನಿಧಾನಕ್ಕೆ ಹೊತ್ತು ಹೆಚ್ಚಿಸಿ. ಹೀಗೆ ಕಡಿಮೆ ಅಂದ್ರೂ ಎರಡು-ಮೂರು ವಾರ ನಡೆಯಬೇಕು. ಈ ವಾರಗಳಲ್ಲೇ ಮರಿಗಳಿಗೆ ಇದು ನಮ್ಮ ಜಾಗ ಅಂತ ಗೊತ್ತಾಗೋದು. ಸಂಜೆ ಕಾಳು ಹಾಕುವಾಗ ಡಬ್ಬಿ ಅಲ್ಲಾಡಿಸಿ ಸದ್ದು ಮಾಡಿ. ನವಣೆ, ರಾಗಿ, ಅಕ್ಕಿ ನುಚ್ಚು ಯಾವುದಾದ್ರೂ ಸರಿ, ಸದ್ದು ಮಾತ್ರ ದಿನವೂ ಒಂದೇ ಇರಲಿ. ಮುಂದೆ ತೋಟದಿಂದ ಕರೆಯಲು ಈ ಸದ್ದೇ ಆಸರೆ.

ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ

ಗಿನಿಕೋಳಿ ಗುಂಪು ಬಿಟ್ಟು ಇರಲ್ಲ. ಈ ಗುಣವನ್ನೇ ಬಳಸಿಕೊಳ್ಳಬೇಕು. ಹತ್ತು ಮರಿ ಇದ್ರೆ ಮೊದಲ ದಿನ ಎರಡನ್ನು ಮಾತ್ರ ಬಿಡಿ. ಒಳಗಿರೋ ಎಂಟು ಕೂಗುತ್ತಿರುತ್ತವೆ, ಹೊರಗಿನವು ಆ ಕೂಗು ಬಿಟ್ಟು ದೂರ ಹೋಗಲ್ಲ. ಒಂದನ್ನೇ ಬಿಟ್ರೆ ಗಾಬರಿಯಾಗಿ ದಿಕ್ಕು ತಪ್ಪುತ್ತೆ.

ಬಿಡೋದು ಬೆಳಗ್ಗೆ ಅಲ್ಲ. ಕತ್ತಲಾಗಲು ಎರಡು ಗಂಟೆ ಇರುವಾಗ, ಸಂಜೆ ಕಾಳು ಹಾಕುವ ಮೊದಲು ಬಿಡಿ. ಹೊಟ್ಟೆ ಹಸಿದಿದ್ರೆ ಡಬ್ಬಿ ಸದ್ದಿಗೆ ಓಡಿ ಬರುತ್ತವೆ. ಬಂದ ಮೇಲೆ ಎಣಿಸಿ, ಬಾಗಿಲು ಹಾಕಿ. ಎರಡು ದಿನ ಸರಿಹೋದ್ರೆ ನಾಲ್ಕು, ಆಮೇಲೆ ಆರು. ವಾರ-ಹತ್ತು ದಿನದಲ್ಲಿ ಪೂರ್ತಿ ಗುಂಪು ಹೊರಗೆ ಬರಬಹುದು. ನಾಯಿಯನ್ನು ಮೊದಲ ದಿನಗಳಲ್ಲಿ ಕಟ್ಟಿಹಾಕಿ.

ಔಷಧಿ ಹೊಡೆದ ದಿನ ಬೇಡ

ಮುಂಗಾರಿಗೆ ಮುನ್ನ ಕಾಫಿ, ಮೆಣಸು, ಅಡಿಕೆಗೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯೋದು ಇಲ್ಲಿ ವಾಡಿಕೆ. ಆ ದಿನ, ಕೀಟನಾಶಕ ಹೊಡೆದ ದಿನ, ಗೊಬ್ಬರ ಎರಚಿದ ದಿನ ಹಕ್ಕಿ ಒಳಗೇ ಇರಲಿ. ಗೊಬ್ಬರದ ಹರಳನ್ನು ಕಾಳು ಅಂತ ಹೆಕ್ಕುವ ಅಪಾಯ ಇದೆ. ಇಲಿ ಪಾಷಾಣ ಇಟ್ಟ ಜಾಗವೂ ಹಾಗೇ. ಪಕ್ಕದ ತೋಟದವರಿಗೂ ಒಂದು ಮಾತು ಹೇಳಿಡಿ, ಈ ಹಕ್ಕಿಗೆ ಬೇಲಿ ಲೆಕ್ಕಕ್ಕಿಲ್ಲ. ಕೊಯ್ಲಿನ ಕಾಲದಲ್ಲಿ ಕಾಫಿ, ಮೆಣಸು ಹರಡಿದ ಕಣದ ಮೇಲೆ ಓಡಾಡಿ ಹಿಕ್ಕೆ ಹಾಕಿದ್ರೆ ಜಗಳ ಗ್ಯಾರಂಟಿ. ಪೇಟೆಯೊಳಗೆ, ರಸ್ತೆ ಬದಿ ಮನೆ ಇರೋರು ಸಾಕುವ ಮುನ್ನ ಎರಡು ಸಲ ಯೋಚಿಸಬೇಕು. ಕೂಗು ಜೋರು, ವಾಹನದ ಭಯವೂ ಇದೆ.

ಫೀಡ್ ಅಂಗಡಿಯವರಿಗೂ ಇದರಲ್ಲಿ ಪಾಲಿದೆ. ಗಿನಿಕೋಳಿ ಮರಿಗೆ ಸಾಮಾನ್ಯ ಕೋಳಿ ಮರಿಗಿಂತ ಹೆಚ್ಚು, ಶೇ. 24ರಷ್ಟು ಪ್ರೋಟೀನ್ ಬೇಕು. ಬ್ರಾಯ್ಲರ್ ಫೀಡಿನಲ್ಲಿ ಔಷಧಿ ಬೆರೆತಿರಬಹುದು, ಅದು ಈ ಹಕ್ಕಿಗೆ ಆಗುತ್ತಾ ಅಂತ ಪಶುವೈದ್ಯರನ್ನು ಕೇಳಿಯೇ ಕೊಡಬೇಕು, ಕೊಳ್ಳಬೇಕು.

ಮಂಗನ ಕಾಯಿಲೆಗೆ ಇದು ಮದ್ದಲ್ಲ

ಗಿನಿಕೋಳಿ ಇದ್ರೆ ಮಂಗನ ಕಾಯಿಲೆ ಬರಲ್ಲ ಅನ್ನೋ ಮಾತು ನಂಬಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಮುಖ್ಯವಾಗಿ ಹರಡುವುದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ, ಮರಿ ಉಣುಗಿನಿಂದ. ಹಕ್ಕಿ ದೊಡ್ಡ ಉಣುಗನ್ನು ಹೆಕ್ಕಬಹುದು, ಸಣ್ಣದೆಲ್ಲ ಅದಕ್ಕೆ ಸಿಗಲ್ಲ. ಕಾಡಿಗೆ, ದರಗು ತರಲು ಹೋಗುವವರು ಮೈ ಮುಚ್ಚುವ ಬಟ್ಟೆ ಹಾಕಲೇಬೇಕು, ಬಂದು ಬಿಸಿನೀರಲ್ಲಿ ಸ್ನಾನ ಮಾಡಲೇಬೇಕು. ಜ್ವರ ಬಂದ್ರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮರಿ ತೂಕಡಿಸುತ್ತಾ ನಿಂತರೆ, ರೆಕ್ಕೆ ಜೋತುಬಿದ್ದರೆ ಹೊರಗೆ ಬಿಡೋದು ಮುಂದೂಡಿ, ಹತ್ತಿರದ ಪಶು ಆಸ್ಪತ್ರೆಗೆ ತೋರಿಸಿ. ಕೊಕ್ಕರೆ ರೋಗದ ಲಸಿಕೆ ಬಗ್ಗೆಯೂ ಅಲ್ಲೇ ವಿಚಾರಿಸಬಹುದು. ಪಶು ಸಹಾಯವಾಣಿ ಸಂಖ್ಯೆ 1962. ಸಾಕಾಣಿಕೆ ಮಾಹಿತಿಗೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.